ಹೆಸರು ಹಾಕಿಸಿದ ಹಂಡೆ

ಜುಲೈ 6, 2025, ರವಿವಾರ

ಇವತ್ತು ಶರಣ ಸಂಘದ ತಿಂಗಳ ಪ್ರಸಾದಕ್ಕೆ ನೂರಾ ಇಪ್ಪತ್ತು ಮಂದಿ. ಗೋಧಿ ಹುಗ್ಗಿ ತಳ ಹತ್ತಲಿಲ್ಲ, ಶಿವನ ದಯೆ. ಮನೆಗೆ ಬಂದು ಹಿತ್ತಲಲ್ಲಿ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಮಗಳು ಶೀತಲ್ ನಿನ್ನೆಯ ಟಪಾಲು ಹಿಡಿದುಕೊಂಡು ಬಂದು, ಒಹಾಯೊದಿಂದ ನಿನ್ನ ಹೆಸರಿಗೆ ಲೆಟರು ಬಂದಿದೆ ಅಂದಳು. ಈ ದೇಶದಲ್ಲಿ ನನ್ನ ಹೆಸರಿಗೆ ಯಾರು ಬರೆಯುತ್ತಾರೆ? ಖುಷಿಯಿಂದ ಕೈ ತೊಳೆದುಕೊಂಡು ಬಂದು ಕೂತೆನಲ್ಲ, ಅದೇ ಈಗ ಸಿಟ್ಟು.

ಪತ್ರ ಫ್ರೀಡೆನ್‌ಬಾಕ್‌ನಿಂದ. ಈ ಸ್ಯಾನ್ ರಮೋನ್‌ಗೆ ಬರುವ ಮೊದಲು ನಾವು ಹನ್ನೊಂದು ವರ್ಷ ಇದ್ದ ಹಳ್ಳಿ ಅದು. ಬರೆದವಳು ಕ್ಯಾರಲ್ ಅಂತ, ಅಲ್ಲಿಯ ಮ್ಯೂಸಿಯಂ ನೋಡಿಕೊಳ್ಳುವವಳು. ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ಊರು ಕಟ್ಟಿ ನೂರಾ ಎಪ್ಪತ್ತೈದು ವರ್ಷವಂತೆ. ಊರು ಕಟ್ಟಿದವರು ಹಡಗಿನಲ್ಲಿ ತಂದ ತಾಮ್ರದ ಹಂಡೆ ಕಾಣೆಯಾಗಿದೆಯಂತೆ. ನಿಮ್ಮ ಪಕ್ಕದ ಮನೆಯಲ್ಲಿದ್ದ ರೂತ್ ತೀರಿಕೊಳ್ಳುವ ಮೊದಲು ಅದನ್ನು ನಿಮಗೆ ಕೊಟ್ಟಳೆಂದು ಯಾರೋ ಹೇಳಿದರಂತೆ. ರೂತ್ ಅದನ್ನು ಊರಿನ ಪರವಾಗಿ ಇಟ್ಟುಕೊಂಡಿದ್ದಳು, ಕೊಡಲಿಕ್ಕೆ ಅದು ಅವಳದಲ್ಲ, ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ ಎಂದು ಬರೆದಿದ್ದಾಳೆ. ಬಹಳ ಮರ್ಯಾದೆಯ ಪತ್ರ. ಬೈಯಲಿಕ್ಕೂ ಬಾಯಿ ಬಾರದ ಹಾಗೆ.

ಕಾಣೆಯಾಗಿದೆ ಅಂತೆ. ಹದಿಮೂರು ವರ್ಷದಿಂದ ತಿಂಗಳಿಗೊಮ್ಮೆ ನನ್ನ ಒಲೆಯ ಮೇಲಿದೆ. ಅದು ಹೇಗೆ ಕಾಣೆಯಾಯಿತು?

ನಮ್ಮವರಿಗೆ ಹೇಳಿದೆ. "ಅವರದಿದ್ರ ಕೊಟ್ ಬಿಡು," ಅಂದು ಟಿವಿ ಹಚ್ಚಿದರು.

ಜುಲೈ 9, ಬುಧವಾರ

ಸಿಟ್ಟು ಇಳಿದಿಲ್ಲ. ಬರೆದಾದರೂ ಹಗುರಾಗಲಿ.

ನಮ್ಮವರು ಹುಬ್ಬಳ್ಳಿಯ ಪಂಪಿನ ಕಾರ್ಖಾನೆಯಲ್ಲಿ ಲೇಥ್ ಕೆಲಸದವರು. 2001ರಲ್ಲಿ ಕಂಪನಿಯವರು ಒಹಾಯೊಕ್ಕೆ ಕಳಿಸಿದರು. ನನಗೆ ಇಪ್ಪತ್ತಾರು ವರ್ಷ. ನಮ್ಮೂರ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವಳು. ಇಂಗ್ಲಿಷಿನಲ್ಲಿ ಹೆಸರು ಬರೆಯಲಿಕ್ಕೆ ಬರುತ್ತಿತ್ತು, ಅಷ್ಟೇ. ಫ್ರೀಡೆನ್‌ಬಾಕ್ ಅಂದರೆ ಎರಡು ಬೀದಿ, ಒಂದು ಚರ್ಚು, ನಾಲ್ಕು ನೂರು ಮಂದಿ, ಸುತ್ತ ಗೋವಿನಜೋಳದ ಹೊಲ. ಪಕ್ಕದ ಮನೆಯ ರೂತ್‌ಗೆ ಆಗಲೇ ಎಪ್ಪತ್ತು. ಮೊದಲನೆಯ ದಿನ ಬ್ರೆಡ್ಡು ತಂದಾಗ ನಾನು ಲಿಂಗಪೂಜೆಯಲ್ಲಿದ್ದೆ. ಎಡಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದ್ದೆ. ಕಣ್ಣು ತೆರೆದರೆ ಬಾಗಿಲಾಚೆ ಮೆಟ್ಟಿಲ ಮೇಲೆ ಆಕೆ ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ. ಆಮೇಲೆ ಹನ್ನೊಂದು ವರ್ಷ ನನ್ನ ಪೂಜೆ ಮುಗಿಯುವ ತನಕ ಆಕೆ ಕಾಫಿ ಬಗ್ಗಿಸಲಿಲ್ಲ.

ಊರಿನ ಕಥೆ ಹೇಳಿದವಳೂ ಆಕೆಯೇ. ನನಗೆ ಪೂರ್ತಿ ತಿಳಿಯಲಿಕ್ಕೆ ಎರಡು ವರ್ಷ ಹಿಡಿಯಿತು. ಜರ್ಮನಿಯಲ್ಲಿ ಯೋಹಾನ್ ಅಂತ ಒಬ್ಬ ನೇಕಾರ ಇದ್ದ. ಅರಸರ ಚರ್ಚಿನಲ್ಲಿ ದೊಡ್ಡವರಿಗೆ ಮುಂದಿನ ಬೆಂಚು, ಬಡವರಿಗೆ ಹಿಂದಿನದು. ಅದು ದೇವರ ಮನೆಯಲ್ಲ ಅಂದ. ಜೈಲಿಗೆ ಹಾಕಿದರು. ಬಿಡುಗಡೆಯಾದ ಮೇಲೆ ಅರವತ್ಮೂರು ಮಂದಿಯನ್ನು ಕಟ್ಟಿಕೊಂಡು ಹಡಗು ಹತ್ತಿದ. ಹನ್ನೊಂದು ಮಂದಿ ಸಮುದ್ರದ ಪಾಲಾದರು. ಉಳಿದವರು ಮೊದಲನೆಯ ಚಳಿಗಾಲ ಒಂದೇ ಕೊಟ್ಟಿಗೆಯಲ್ಲಿದ್ದು ಇದೇ ಹಂಡೆಯಲ್ಲಿ ಕುದಿಸಿಕೊಂಡು ಉಂಡರು. ಎಲ್ಲರೂ ದುಡಿಯಬೇಕು, ಎಲ್ಲರಿಗೂ ಒಂದೇ ಅಡುಗೆಮನೆ. ಇದು ನಮ್ಮ ಶರಣರು ಹೇಳಿದ್ದೇ ಅಲ್ಲವೇನು ಎಂದು ನಮ್ಮವರಿಗೆ ಆಗಲೇ ಹೇಳಿದ್ದೆ. ಕಲ್ಯಾಣದಿಂದ ಓಡಿದವರು ಹಡಗು ಹತ್ತಿದ್ದರೆ ಇಲ್ಲಿಗೇ ಬಂದು ಇಳಿಯುತ್ತಿದ್ದರು.

ಅವರ ಒಂದೇ ನೇಮ ನನಗೆ ಹಿಡಿಸುತ್ತಿರಲಿಲ್ಲ. ಯಾವುದರ ಮೇಲೂ ಹೆಸರು ಬರೆಯುವ ಹಾಗಿಲ್ಲ. ಮನೆಗಿಲ್ಲ, ಬೆಂಚಿಗಿಲ್ಲ, ಗೋರಿಗೂ ಇಲ್ಲ. ಸ್ಮಶಾನಕ್ಕೆ ಹೋದರೆ ಸಾಲಾಗಿ ಬೋಳು ಕಲ್ಲು. ಯೋಹಾನ್‌ನ ಕಲ್ಲು ಯಾವುದು ಎಂದು ಅವರಿಗೇ ಗೊತ್ತಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕು ಅನ್ನುತ್ತಿದ್ದಳು ರೂತ್.

ಪ್ರತಿ ಅಕ್ಟೋಬರ್‌ನಲ್ಲಿ ಆಕೆಯ ಹಿತ್ತಲಲ್ಲಿ ಇದೇ ಹಂಡೆಯಲ್ಲಿ ಸೇಬು ಕುದಿಸಿ ಪಾಕ ಮಾಡುತ್ತಿದ್ದೆವು. ಮುಂಜಾನೆಯಿಂದ ಸಂಜೆಯ ತನಕ ಮರದ ಹುಟ್ಟು ತಿರುವುತ್ತಲೇ ಇರಬೇಕು. 2012ರಲ್ಲಿ ನಮ್ಮವರಿಗೆ ಇಲ್ಲಿ ಲಿವರ್‌ಮೋರ್‌ನ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ರೂತ್ ತಾನೇ ಹಂಡೆಯನ್ನು ಉರುಳಿಸಿಕೊಂಡು ಬಂದು, ನಮ್ಮವರ ಕೈ ಹಚ್ಚಿಸಿ ನಮ್ಮ ಟ್ರಕ್ಕಿಗೆ ಏರಿಸಿದಳು.

ಇಲ್ಲಿಗೆ ಬಂದ ಮೇಲೆ ಎರಡು ಕೆಲಸ ಮಾಡಿಸಿದೆ. ಕಲಾಯಿ ಇಲ್ಲದ ತಾಮ್ರದಲ್ಲಿ ಉಂಡರೆ ವಿಷ ಎಂದು ನಮ್ಮವರ ಕೈಯಿಂದ ಒಳಗೆ ಕಲಾಯಿ ಹಾಕಿಸಿದೆ. ಕಲಾಯಿಗೆ ಹಾಕುವ ನವಸಾಗರದ ಹೊಗೆಗೆ ಬಾಜೂಮನೆಯವರು ಫೈರ್ ಇಂಜಿನ್ ಕರೆಸಿದರು, ಅದು ಬೇರೆ ಮಾತು. ಇನ್ನೊಂದು, ನಮ್ಮವರ ಮಷೀನಿನಿಂದ ಹೊರಗೆ ಹೆಸರು ಹಾಕಿಸಿದೆ. "ಈರವ್ವ ಮ. ಹೊಸಮನಿ" ಅಂತ, ಚುಕ್ಕೆ ಚುಕ್ಕೆಯಾಗಿ. ಪಾತ್ರೆ ಅಂದಮೇಲೆ ಹೆಸರು ಬೇಡವೇ? ತವರಿನಲ್ಲಿ ಪಾತ್ರೆಗೆಲ್ಲ ಅಪ್ಪನ ಹೆಸರು. ಅತ್ತೆಮನೆಯಲ್ಲಿ ಅತ್ತೆಯ ಹೆಸರು. ಈ ಮನೆ, ಕಾರು, ಬ್ಯಾಂಕು ನಮ್ಮವರ ಹೆಸರಿನಲ್ಲಿವೆ. ಐವತ್ತು ವರ್ಷದಲ್ಲಿ ನನ್ನ ಹೆಸರಿರುವ ವಸ್ತು ಇದೊಂದೇ.

ಕೊಡುವುದಿಲ್ಲ.

ಜುಲೈ 13, ರವಿವಾರ

ನಮ್ಮ ಶರಣ ಸಂಘದ ಮೀಟಿಂಗು. ಹಂಡೆಯ ಮಾತು ತೆಗೆದಿದ್ದೇ ತಪ್ಪಾಯಿತು. ಅಧ್ಯಕ್ಷರು ಜಗನ್ನಾಥ ಅವರು ಮೈಸೂರಿನವರು, ಏರುದನಿ ಗೊತ್ತಿಲ್ಲದ ಮನುಷ್ಯ, ಅದೇ ನನಗೆ ತಡೆಯಲಿಕ್ಕೆ ಆಗುವುದಿಲ್ಲ. "ಈರವ್ವನವರೇ, ಅವರಿಗೆ ಅದು ಹಿಸ್ಟರಿ, ನಮಗೆ ಪಾತ್ರೆ. ಸ್ಟೀಲಿಂದು ತರಿಸೋಣ ಬಿಡಿ," ಅಂದರು. ಸೆಕ್ರೆಟರಿ ಊರ್ಮಿಳಾ ನಕ್ಕು, "ಸರ್, ಆಂಟಿ ಕೈಯಿಂದ ಹಂಡೆ ತೊಗೊಂಡ್ರೆ ಹುಗ್ಗಿನೂ ಹೋಗುತ್ತೆ, ಯೋಚನೆ ಮಾಡಿ," ಅಂದಳು. ನನಗಿಂತ ನಾಲ್ಕೇ ವರ್ಷ ಸಣ್ಣವಳು. ಆಂಟಿ ಅಂತೆ.

ಹದಿಮೂರು ವರ್ಷ ಅದೇ ಹಂಡೆಯ ಪ್ರಸಾದ ಉಂಡವರಿಗೆ ಅದು ಬರೀ ಪಾತ್ರೆ.

ಉತ್ತರ ಕೊಡದಿದ್ದರೆ ಕದ್ದವರ ಹಾಗೆ ಆಗುತ್ತದೆ ಎಂದು ಶೀತಲ್‌ಳ ಕೈಯಿಂದ ಕ್ಯಾರಲ್‌ಗೆ ಇಮೇಲ್ ಬರೆಸಿದೆ. ನಮ್ಮ ಮನೆಯಲ್ಲಿ ಒಂದು ಹಳೆಯ ಹಂಡೆ ಇದೆ, ಫೋಟೋ ನೋಡಿರಿ ಅಂತ. ಫೋಟೋ ತೆಗೆಯುವ ಮೊದಲು ಹೆಸರಿನ ಬದಿಯನ್ನು ಗೋಡೆಗೆ ತಿರುಗಿಸಿ ಮೇಲೆ ಮುಚ್ಚಳ ಮುಚ್ಚಿದೆ. ನೂರಾರು ವರ್ಷದ ಸಾಮಾನಿನ ಮೇಲೆ ಕೊರೆದು ಇಟ್ಟಿದ್ದಾಳೆ ಹಳ್ಳಿಯ ಹೆಂಗಸು ಅನ್ನಬಾರದಲ್ಲ. ಶೀತಲ್ ಯಾಕೆ ತಿರುಗಿಸಿದೆ ಎಂದು ಕೇಳಿದಳು. ಈ ಕಡೆ ಬೆಳಕು ಚೆನ್ನಾಗಿದೆ ಅಂದೆ.

ಜುಲೈ 28, ಸೋಮವಾರ

ಮೊದಲನೆಯ ಶ್ರಾವಣ ಸೋಮವಾರ. ಉಪವಾಸ. ಕ್ಯಾರಲ್‌ಳಿಂದ ಉತ್ತರವಿಲ್ಲ. ಉತ್ತರ ಬಾರದಿದ್ದರೆ ಒಳ್ಳೆಯದು. ಆದರೆ ಶೀತಲ್‌ಗೆ ದಿನಾ ಎರಡು ಸಲ ಇಮೇಲ್ ನೋಡು ಅನ್ನುತ್ತೇನೆ. "ಅಮ್ಮ, ಐ ವಿಲ್ ಟೆಲ್ ಯು," ಅಂದು ಮುಖ ಸಿಂಡರಿಸುತ್ತಾಳೆ.

ಆಗಸ್ಟ್ 5, ಮಂಗಳವಾರ

ಉತ್ತರ ಬಂತು. ಶೀತಲ್ ಆಫೀಸಿನಿಂದ ಬಂದು, ಬೂಟು ಕೂಡ ಬಿಚ್ಚದೆ ಓದಿ ಹೇಳಿದಳು.

ಆ ಸೀಮೆಯಲ್ಲಿ ಇಂಥ ಹಂಡೆ ಬಹಳ ಇವೆಯಂತೆ, ಎಲ್ಲಾ ಒಂದೇ ಆಕಾರ. ಬೇರೆಯವರ ಹಂಡೆಗಳ ಮೇಲೆ ಕಂಚುಗಾರನ ಮುದ್ರೆಯೋ ಮನೆತನದ ಅಕ್ಷರವೋ ಇರುತ್ತದಂತೆ. ಊರು ಕಟ್ಟಿದವರ ಹಂಡೆಗೆ ಗುರುತು ಒಂದೇ, ಅದರ ಮೇಲೆ ಒಂದಕ್ಷರವೂ ಇಲ್ಲ. ಆದಕಾರಣ ಎಲ್ಲಾ ಬದಿಯ ಫೋಟೋ, ಒಳಗಿನದೂ ಕಳಿಸಿರಿ, ಒಂದಕ್ಷರ ಕಂಡರೂ ನಮ್ಮದಲ್ಲ ಎಂದು ಗೊತ್ತಾಗುತ್ತದೆ, ನಿಮಗೆ ಮತ್ತೆ ತೊಂದರೆ ಕೊಡುವುದಿಲ್ಲ ಅಂತ.

ನಾನು ಎದ್ದು ಹೋಗಿ ಹಂಡೆಯನ್ನು ಗೋಡೆಯಿಂದ ಈಚೆ ತಿರುಗಿಸಿದೆ.

ಹೆಸರು ಬಿಸಿಲಿಗೆ ಬಂಗಾರದ ಹಾಗೆ ಹೊಳೆಯಿತು. ಫೋಟೋ ಶೀತಲ್‌ಳೇ ತೆಗೆದಳು. ಒಳಗಿನ ಬಿಳಿ ಕಲಾಯಿಯದೂ ತೆಗೆಸಿದೆ. ಬರೆ ಅಂದೆ: ಇದರ ಮೇಲೆ ನನ್ನ ಹೆಸರಿದೆ, ಒಳಗೆ ಬೆಳ್ಳಗಿದೆ. ಅಷ್ಟೇ ಸಾಕೇ ಅಂದಳು. ಸಾಕು ಅಂದೆ. ರೂತ್ ಕೊಟ್ಟದ್ದು, ಹೆಸರು ಆಮೇಲೆ ಹಾಕಿಸಿದ್ದು ಅಂತ ಬರೆಯಬೇಕಲ್ಲವಾ ಎಂದು ಕೇಳಿದಳು. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು ಅಂದೆ.

ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ.

ಆಗಸ್ಟ್ 8, ಶುಕ್ರವಾರ

ನಮ್ಮದಲ್ಲ, ಕ್ಷಮಿಸಿ ಎಂದು ಬರೆದಿದ್ದಾಳೆ. ಹಂಡೆ ಉಳಿಯಿತು. ಎಣ್ಣೆಗಾಯಿ ಮಾಡಿದೆ, ನಮ್ಮವರಿಗೆ ಪ್ರೀತಿ. ಎರಡೇ ರೊಟ್ಟಿ ತಿಂದು ಎದ್ದರು. ಖಾರ ಹೆಚ್ಚಾಯಿತೇ ಅಂದರೆ ಇಲ್ಲ ಅಂದರು. ಶೀತಲ್ ಊಟವನ್ನು ತನ್ನ ಕೋಣೆಗೆ ಒಯ್ದಳು.

ಪತ್ರದ ಕೊನೆಗೆ ಇನ್ನೂ ಒಂದು ಸಾಲು ಇತ್ತು. ಹಂಡೆ ಎಲ್ಲಿದೆ ಎಂದು ರೂತ್ ಇದ್ದಿದ್ದರೆ ಹೇಳುತ್ತಿದ್ದಳು, ಈಗ ಮ್ಯೂಸಿಯಂನಲ್ಲಿ ಹಂಡೆಗೆ ಮಾಡಿದ ಜಾಗವನ್ನು ಹಾಗೇ ಖಾಲಿ ಬಿಡುತ್ತೇವೆ ಅಂತ. ಇದನ್ನು ಯಾಕೆ ಬರೆಯಬೇಕಿತ್ತು? ಖಾಲಿ ಬಿಟ್ಟರೆ ಬಿಡಲಿ. ಬೇರೆ ಏನಾದರೂ ಇಡಲಿ. ನನಗೆ ಹೇಳುವುದು ಯಾಕೆ?

ಆಗಸ್ಟ್ 11, ಸೋಮವಾರ

ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಆಗಸ್ಟ್ 12, ಮಂಗಳವಾರ

ಇವತ್ತೂ.

ಆಗಸ್ಟ್ 16, ಶನಿವಾರ

ಎಲ್ಲರೂ ಸೇರಿ ನನ್ನನ್ನು ಗೋಳಾಡಿಸುತ್ತಿದ್ದಾರೆ. ನಮ್ಮವರು ಏನೂ ಅನ್ನುವುದಿಲ್ಲ, ಅನ್ನದೆಯೇ ಅನ್ನುತ್ತಾರೆ. ಇವತ್ತು ಶೀತಲ್‌ಗೆ ನೇರ ಕೇಳಿದೆ, ಏನಿದ್ದರೂ ಬಾಯಿಬಿಟ್ಟು ಹೇಳು ಎಂದು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಅವಳು ಹುಟ್ಟಿದ್ದು ಆ ಊರಿನಲ್ಲಿ. ರೂತ್‌ಳನ್ನು ಅಜ್ಜಿ ಅನ್ನುತ್ತಿದ್ದಳು.

"ಅಮ್ಮ, ನೀನು ಲೈ ಮಾಡಲಿಲ್ಲ. ಬಟ್ ಇಮೇಲ್ ಬರೆದಿದ್ದು ನಾನು. ನನ್ನ ಕೈಯಿಂದ ಬರೆಸಿದೆ."

ಅಷ್ಟೇ ಹೇಳಿದಳು. ಮತ್ತೆ ಲ್ಯಾಪ್‌ಟಾಪ್ ತೆರೆದಳು.

ನಾನು ಬೈದೆ. ದೊಡ್ಡವರಿಗೆ ಹೀಗೆ ಮಾತಾಡುತ್ತಾರೇನು ಅಂದೆ, ಈ ದೇಶದ ಗಾಳಿ ಅಂದೆ, ಇನ್ನೂ ಏನೇನೋ ಅಂದೆ. ಅವಳು ಟೈಪ್ ಮಾಡುತ್ತಲೇ ಇದ್ದಳು. ಎದುರಾಡಿದ್ದರೆ ಚೆನ್ನಾಗಿತ್ತು.

ಆಗಸ್ಟ್ 18, ಸೋಮವಾರ

ಕೊನೆಯ ಶ್ರಾವಣ ಸೋಮವಾರ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ. ರೂತ್ ಮೆಟ್ಟಿಲ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಬ್ರೆಡ್ಡು. ಕಾಯುತ್ತಿದ್ದಾಳೆ. ಏಳು ದಿನದಿಂದ ಹೀಗೇ. ಅವಳು ಸಿಟ್ಟಾಗಿದ್ದರೆ ಒಂದು ಮಾತು. ಸುಮ್ಮನೆ ಕಾಯುತ್ತಾಳೆ.

ಆ ದಿನ ಟ್ರಕ್ಕಿಗೆ ಹಂಡೆ ಏರಿಸಿ ಆಕೆ ಏನಂದಳು ಎಂದು ನೆನಪಿಸಿಕೊಂಡೆ. ಇದು ನಿನ್ನದು ಅಂದಳೇ? ಅನ್ನಲಿಲ್ಲ. ಹುಟ್ಟನ್ನು ನನ್ನ ಕೈಗೆ ಕೊಟ್ಟು, "ನೌ ಯು ಸ್ಟರ್," ಅಂದಳು. ಇನ್ನು ನೀನು ತಿರುವು ಅಂತ. ನಾನು ಅದನ್ನು ನನಗೆ ಬೇಕಾದ ಹಾಗೆ ತಿಳಿದುಕೊಂಡೆ. ಇಂಗ್ಲಿಷ್ ಬಾರದಿದ್ದುದಕ್ಕೆ ಅಲ್ಲ. ಅಷ್ಟು ಇಂಗ್ಲಿಷ್ ಆಗ ಬರುತ್ತಿತ್ತು.

ನಮ್ಮವರು ಕೆಲಸದಿಂದ ಬಂದ ಕೂಡಲೇ, ಹಂಡೆಯ ಮೇಲಿನ ಹೆಸರನ್ನು ಅರದಿಂದ ಉಜ್ಜಿ ತೆಗೆಯಿರಿ ಅಂದೆ. ಅಕ್ಷರ ಅಳಿಸಿ, ಕಲಾಯಿ ಕಿತ್ತು, ಮೊದಲಿನ ಹಾಗೆ ಮಾಡಿ ಕಳಿಸಿದರೆ ಯಾರಿಗೂ ಏನೂ ಹೇಳುವುದೇ ಬೇಡ, ಹಂಡೆ ಸಿಕ್ಕಿತು ಎಂದು ಬರೆದರಾಯಿತು. ಅವರು ಹಂಡೆಯ ಹತ್ತಿರ ಕೂತು ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು.

"ತಗದ್ರ ತಗೀಬಹುದು. ಆದ್ರ ಉಜ್ಜಿದ್ದು ಕಾಣ್ತದ. ಹೆಸರಿದ್ರ ಒಂದ ತಪ್ಪ, ಈರಾ. ಉಜ್ಜಿ ಕೊಟ್ರ ಎರಡ ಆಗ್ತಾವ."

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಅದೂ ನನ್ನ ವಿರುದ್ಧ.

ಆಗಸ್ಟ್ 20, ಬುಧವಾರ

ನಾನೇ ಬರೆದೆ, ಕನ್ನಡದಲ್ಲಿ. ಮೂರು ಹಾಳೆ ಹರಿದೆ. ರೂತ್ ಕೊಟ್ಟ ಹಂಡೆ ಇದೇ, ಹೆಸರು ನಾನು ಹಾಕಿಸಿದ್ದು, ಕಲಾಯಿ ನಾನು ಹಾಕಿಸಿದ್ದು, ಮೊದಲನೆಯ ಫೋಟೋದಲ್ಲಿ ಬೇಕೆಂದೇ ಹೆಸರು ಮುಚ್ಚಿದೆ, ಎರಡನೆಯದರಲ್ಲಿ ಬೇಕೆಂದೇ ತೋರಿಸಿದೆ, ನನ್ನ ಮಗಳದು ಏನೂ ತಪ್ಪಿಲ್ಲ. ಹಂಡೆ ಕಳಿಸುತ್ತೇನೆ, ಗಾಜಿನ ಒಳಗೆ ಇಡಬೇಡಿರಿ, ವರ್ಷಕ್ಕೆ ಒಂದು ದಿನವಾದರೂ ಬೆಂಕಿಗೆ ಏರಿಸಿರಿ.

ಶೀತಲ್‌ಗೆ ಕೊಟ್ಟು ಇಂಗ್ಲಿಷ್ ಮಾಡು ಅಂದೆ. ಅವಳಿಗೆ ಕನ್ನಡ ಓದುವುದು ನಿಧಾನ, ಬೆರಳಿಟ್ಟು ಓದುತ್ತಾಳೆ. ತನ್ನದೇನೂ ತಪ್ಪಿಲ್ಲ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಟೈಪ್ ಮಾಡಿದಳು. ಮುಗಿಸಿ, ಚಹಾ ಬೇಕೇನಮ್ಮ ಅಂದಳು. ಮಾಡಿದ ಚಹಾಕ್ಕೆ ಸಕ್ಕರೆ ಇರಲಿಲ್ಲ. ಕುಡಿದೆ.

ಆಗಸ್ಟ್ 25, ಸೋಮವಾರ

ಕ್ಯಾರಲ್ ಫೋನೇ ಮಾಡಿದಳು. ನಾನು ಬೈಸಿಕೊಳ್ಳಲಿಕ್ಕೆ ತಯಾರಾಗಿ ಕೂತಿದ್ದೆ. ಅವಳು ಅತ್ತಳು. ಏನು ಮಾಡಬೇಕು ತಿಳಿಯದೆ ನಾನು ಕಲಾಯಿ ಹೇಗೆ ಹಾಕುವುದು ಎಂದು ಹೇಳತೊಡಗಿದೆ.

ಗಾಜಿನೊಳಗೆ ಇಡುವುದಿಲ್ಲವಂತೆ. ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ಅದರಲ್ಲೇ ಸೇಬು ಕುದಿಸುತ್ತಾರಂತೆ. ಹೆಸರನ್ನೂ ಹಾಗೇ ಬಿಡುತ್ತಾರಂತೆ. "ಅದನ್ನು ತಿರುವಿದ ನೂರಾರು ಹೆಂಗಸರಲ್ಲಿ ಒಬ್ಬರ ಹೆಸರಾದರೂ ಗೊತ್ತಾಯಿತಲ್ಲ," ಅಂದಳು. ಶೀತಲ್ ಅದನ್ನು ಕನ್ನಡದಲ್ಲಿ ಹೇಳಿ, ಸ್ವೀಟ್ ಅಲ್ವಾ ಅಂದಳು.

ನನಗೆ ಹಿಡಿಸಲಿಲ್ಲ. ಆ ಸ್ಮಶಾನದ ತುಂಬ ಬೋಳು ಕಲ್ಲು. ಸಮುದ್ರದಲ್ಲಿ ಹೋದವರಿಗೆ ಅದೂ ಇಲ್ಲ. ರೂತ್‌ಗೂ ಬೋಳು ಕಲ್ಲೇ. ಊರಿಗೆಲ್ಲ ನನ್ನದೊಂದೇ ಹೆಸರು ಎದ್ದು ಕಾಣಬೇಕೇ? ಫೋನ್ ಇಟ್ಟೆವು. ಆಮೇಲೆ ಒಂದು ಸಾಲು ಬರೆಸಿದೆ: ಹೆಸರಿನ ಬದಿ ಗೋಡೆಗೆ ಮಾಡಿ ಇಡಿರಿ.

ಸೆಪ್ಟೆಂಬರ್ 8, ಸೋಮವಾರ

ಹಂಡೆ ಹೋಯಿತು. ನಿನ್ನೆಯ ಹುಗ್ಗಿಯೇ ಅದರಲ್ಲಿ ಕೊನೆಯದು. ಬೆಳಿಗ್ಗೆ ತಿಕ್ಕಿ ಒರೆಸಿ ಹಳೆಯ ಕೌದಿಯಲ್ಲಿ ಸುತ್ತಿದೆ. ಒಯ್ಯಲು ಬಂದ ಸಾಗಣೆಯವನು ಕೌದಿ ಬಿಚ್ಚಿ ತನ್ನ ಪ್ಲಾಸ್ಟಿಕ್ ಸುತ್ತಲು ಹೋದ. ಬಿಡಲಿಲ್ಲ. ಹತ್ತು ನಿಮಿಷ ವಾದ ಮಾಡಿ ಕೌದಿಯ ಮೇಲೆಯೇ ಪ್ಲಾಸ್ಟಿಕ್ ಸುತ್ತಿಸಿದೆ. ಹುಟ್ಟನ್ನೂ ಜೊತೆಗೆ ಕಟ್ಟಿದೆ.

ಹಿತ್ತಲಲ್ಲಿ ಅದಿದ್ದ ಜಾಗದಲ್ಲಿ ಸಿಮೆಂಟು ದುಂಡಗೆ ಕಪ್ಪಾಗಿದೆ. ತಿಕ್ಕಿದರೂ ಹೋಗಲಿಲ್ಲ.

ನಮ್ಮವರು ಹೊಸದು ಮಾಡಿಸಲೇನು ಅಂದರು. ಬೇಡ, ಸುಮ್ಮನಿರಿ ಅಂದೆ.

ಸೆಪ್ಟೆಂಬರ್ 29, ಸೋಮವಾರ

ಕ್ಯಾರಲ್ ಫೋಟೋ ಕಳಿಸಿದ್ದಾಳೆ. ಹಂಡೆ ಬೆಂಕಿಯ ಮೇಲಿದೆ, ಸುತ್ತ ಹೆಂಗಸರು. ನನ್ನ ಹುಟ್ಟನ್ನು ಯಾರೋ ಸಣ್ಣ ಹುಡುಗಿ ಹಿಡಿದಿದ್ದಾಳೆ, ಹಿಡಿದದ್ದು ಸರಿಯಿಲ್ಲ. ಹಾಗೆ ಹಿಡಿದರೆ ತಳ ಹತ್ತುತ್ತದೆ. ಬರೆದು ತಿಳಿಸಬೇಕು. ಹೆಸರು ಕಾಣುವುದಿಲ್ಲ.

ಅಕ್ಟೋಬರ್ 5, ರವಿವಾರ

ಹೊಸ ಸ್ಟೀಲ್ ಪಾತ್ರೆಯಲ್ಲಿ ಮೊದಲನೆಯ ಪ್ರಸಾದ. ತಳ ತೆಳ್ಳಗೆ, ಉರಿ ಸ್ವಲ್ಪ ಏರಿದರೂ ಹತ್ತುತ್ತದೆ. ನಾಲ್ಕು ತಾಸು ತಿರುವಿ ತೋಳು ಬಿದ್ದುಹೋಗಿದೆ. ಜಗನ್ನಾಥ ಅವರು ಪಾತ್ರೆ ಹೇಗಿದೆ ಎಂದು ಕೇಳಿದರು. ಪಾತ್ರೆಯ ಹಾಗಿದೆ ಅಂದೆ.

ಎಲ್ಲರೂ ಹೋದ ಮೇಲೆ ಊರ್ಮಿಳಾ ತಿಕ್ಕಲಿಕ್ಕೆ ನಿಂತಳು, ಬಳೆ ತೆಗೆದಿಟ್ಟು. "ಆಂಟಿ, ಅಂಕಲ್ ಹತ್ರ ಮಷೀನ್ ಇದ್ಯಲ್ಲ, ಇದಕ್ಕೂ ನಿಮ್ಮ ಹೆಸರೇ ಹಾಕಿಸಿಬಿಡಿ. ನಾವೆಲ್ಲಾ ಮಾತಾಡ್ಕೊಂಡಿದೀವಿ," ಅಂದಳು.

ಏನೂ ಬೇಡ, ಹಾಗೇ ಇರಲಿ ಅಂದೆ. ಹೊಸ ಹುಟ್ಟನ್ನು ಅವಳ ಕೈಗೆ ಕೊಟ್ಟು, ಮುಂದಿನ ತಿಂಗಳು ಹತ್ತು ಗಂಟೆಯೊಳಗೆ ಬಾ, ತಿರುವುವುದು ಕಲಿ ಅಂದೆ. ಈ ಊರಿನ ಹೆಂಗಸರಿಗೆ ಯಾರಿಗೂ ಹುಗ್ಗಿ ತಿರುವಲಿಕ್ಕೆ ಬರುವುದಿಲ್ಲ.

ಬೆಲ್ಲ ಇವತ್ತು ಸ್ವಲ್ಪ ಕಡಿಮೆಯಾಗಿತ್ತು.